ಮಳೆಗಾಲಕ್ಕೆಂದು ಕೂಡಿಟ್ಟ ಬ್ಯಾಲೆ

ಜೂನ್ ಬಂತೆಂದರೆ ನಮ್ಮ ಕಡೆ ನೆಟ್ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗೆ ನಮ್ಮ ತೋಟ. ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ಸಾಕು, ಕರೆಂಟ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅದರ ಹಿಂದೆಯೇ ಟವರ್ ಕೂಡ ಕೈ ಕೊಡುತ್ತದೆ. ಬ್ಯಾಲೆ, ಅಂದರೆ ಮಾತಿಲ್ಲದೆ ಕುಣಿತದಲ್ಲೇ ಕತೆ ಹೇಳುವ ಯುರೋಪಿನ ರಂಗಕಲೆ, ಅದನ್ನು ನೋಡುವ ಹುಚ್ಚು ನನಗೆ ಹತ್ತಿದ್ದು ಯೂಟ್ಯೂಬಿನಿಂದಲೇ. ಆದರೆ ಕೂತು ನೋಡಲು ಪುರುಸೊತ್ತು ಸಿಗುವುದು ಮಳೆಗಾಲದ ಸಂಜೆಗಳಲ್ಲಿ. ಆಗಲೇ ನೆಟ್ ಇರುವುದಿಲ್ಲ. ಹಾಗಾಗಿ ಡಿಸ್ಕ್ ಕೊಂಡು ಇಟ್ಟುಕೊಳ್ಳುವ ದಾರಿ ಹಿಡಿದೆ. ಟಿವಿ, ಪ್ಲೇಯರ್ ಎರಡನ್ನೂ ಇನ್ವರ್ಟರ್ ಎಳೆಯುತ್ತದೆ, ಒಂದು ಬ್ಯಾಲೆ ಮುಗಿಯುವಷ್ಟು ಹೊತ್ತು ತೊಂದರೆಯಿಲ್ಲ.

ಇಷ್ಟೊಂದು ಇವೆಯಲ್ಲ, ಯಾವುದರಿಂದ ಶುರು ಮಾಡಲಿ ಎಂದು ಕೇಳುವವರು ಇದ್ದಾರೆ. ನಾನು ಮಾಡಿದ್ದನ್ನು ಹೇಳುತ್ತೇನೆ.

ಯಕ್ಷಗಾನ ನೋಡುವ ಮನೆಯವರಿಗೆ ಅರ್ಧ ವಿಷಯ ಆಗಲೇ ಗೊತ್ತಿರುತ್ತದೆ. ಪ್ರಸಂಗದ ಹೆಸರೊಂದನ್ನೇ ನೋಡಿ ಯಾರೂ ರಾತ್ರಿಯಿಡೀ ಕೂರಲು ಹೋಗುವುದಿಲ್ಲ. ಯಾವ ಮೇಳ, ಭಾಗವತರು ಯಾರು, ಅಭಿಮನ್ಯು ಯಾರದ್ದು ಎಂದು ಮೊದಲು ವಿಚಾರಿಸುತ್ತಾರೆ. ಬ್ಯಾಲೆಯಲ್ಲೂ ಅದೇ. 'ಸ್ವಾನ್ ಲೇಕ್' ಎಂದು ಬರೆದ ಡಿಸ್ಕುಗಳು ಹತ್ತಾರು ಸಿಗುತ್ತವೆ. ಚೈಕೋವ್‌ಸ್ಕಿಯ ಸಂಗೀತ ಎಲ್ಲದರಲ್ಲೂ ಇದೆ. ಮಾಂತ್ರಿಕನೊಬ್ಬ ಹಂಸವಾಗಿಸಿದ ಹುಡುಗಿಗೆ ರಾಜಕುಮಾರ ಮನಸೋಲುವುದೂ ಎಲ್ಲದರಲ್ಲೂ ಹೆಚ್ಚುಕಡಿಮೆ ಇದೆ. ಉಳಿದದ್ದು ಬೇರೆ ಬೇರೆ. ಅದು ಮೊದಲು ರಂಗಕ್ಕೆ ಬಂದದ್ದು 1877ರಲ್ಲಿ, ಮಾಸ್ಕೋದಲ್ಲಿ. ಆದರೆ 1895ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಮಾರಿಯಸ್ ಪೆಟಿಪಾ ಮತ್ತು ಲೆವ್ ಇವಾನೋವ್ ಹೊಸದಾಗಿ ಕಟ್ಟಿದ ಕುಣಿತವೇ ಇವತ್ತಿನ ಬಹುಪಾಲು ಸ್ವಾನ್ ಲೇಕ್‌ಗಳಿಗೆ ಮೂಲ. ಅದನ್ನು ಆಮೇಲೆ ಬಂದವರೆಲ್ಲ ತಮತಮಗೆ ಬೇಕಾದಂತೆ ತಿದ್ದಿದ್ದಾರೆ. ಕತೆಯ ಕೊನೆ ಕೂಡ ಒಂದೇ ಥರ ಇಲ್ಲ. ಲಂಡನ್ನಿನ ರಾಯಲ್ ಬ್ಯಾಲೆಯಲ್ಲಿ ಆಂಟನಿ ಡೌವೆಲ್ ಮಾಡಿಸಿದ್ದರಲ್ಲಿ ಪ್ರೇಮಿಗಳು ಸಾಯುತ್ತಾರೆ. ಪೀಟರ್ಸ್‌ಬರ್ಗಿನ ಮರಿನ್‌ಸ್ಕಿ ಕಂಪನಿಯವರು ಆಡುವ ಸೋವಿಯತ್ ಕಾಲದ ಆವೃತ್ತಿಯಲ್ಲಿ ರಾಜಕುಮಾರ ಮಾಂತ್ರಿಕನ ರೆಕ್ಕೆ ಕಿತ್ತು ಗೆಲ್ಲುತ್ತಾನೆ. ಹೆಸರಾಂತ ನರ್ತಕ ರುಡಾಲ್ಫ್ ನುರಿಯೆವ್ 1964ರಲ್ಲಿ ವಿಯೆನ್ನಾದಲ್ಲಿ ಕಟ್ಟಿದ್ದರಲ್ಲಿ ರಾಜಕುಮಾರ ನೀರಿನಲ್ಲಿ ಮುಳುಗುತ್ತಾನೆ. 1995ರಲ್ಲಿ ಬಂದ ಮ್ಯಾಥ್ಯೂ ಬೋರ್ನ್ ಅವರದ್ದರಲ್ಲಂತೂ ಹಂಸಗಳೆಲ್ಲ ಗಂಡಸರೇ. ಹೆಸರು ನೋಡಿ ಕೊಂಡರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು.

ಇನ್ನರ್ಧ ವಿಷಯ ಕ್ಯಾಮೆರಾದ್ದು. ನನ್ನ ಮಟ್ಟಿಗೆ ಇದೇ ಮುಖ್ಯ. ರಂಗದ ಮುಂದೆ ಕೂತವನು ಕಾಲು ಬೇಕೆಂದರೆ ಕಾಲು ನೋಡುತ್ತಾನೆ, ಮುಖ ಬೇಕೆಂದರೆ ಮುಖ. ಡಿಸ್ಕಿನಲ್ಲಿ ನಮ್ಮ ಬದಲು ಇನ್ಯಾರೋ ನೋಡಿ ಮುಗಿಸಿರುತ್ತಾರೆ. ಸ್ವಾನ್ ಲೇಕ್‌ನ ಮೂರನೇ ಅಂಕದಲ್ಲಿ ಕಪ್ಪು ಹಂಸ ಒಡೀಲ್ ಒಂಟಿ ಕಾಲಲ್ಲಿ 32 ಸಲ ಸುತ್ತುತ್ತಾಳೆ. ಇದಕ್ಕೆ ಫುಯೆಟೆ ಎನ್ನುತ್ತಾರೆ. ನಿಂತ ಜಾಗದಲ್ಲೇ ಸುತ್ತಿದಳಾ, ಸುತ್ತುತ್ತಾ ಮುಂದೆ ಸರಿದು ಬಂದಳಾ ಎಂಬುದೇ ಅಲ್ಲಿ ಕುತೂಹಲ. ಸರಿಯಾಗಿ ಆ ಹೊತ್ತಿಗೆ ಕ್ಯಾಮೆರಾ ಅವಳ ಮುಖಕ್ಕೋ, ಬಾಯಿ ಬಿಟ್ಟುಕೊಂಡು ನಿಂತ ರಾಜಕುಮಾರನ ಕಡೆಗೋ ಹೋದರೆ ಏನು ನೋಡಿದ ಹಾಗಾಯಿತು? ಎರಡನೇ ಅಂಕದಲ್ಲಿ ನಾಲ್ಕು ಮರಿಹಂಸಗಳು ಕೈಗೆ ಕೈ ಹೆಣೆದುಕೊಂಡು ಕುಣಿಯುತ್ತವೆ. ನಾಲ್ಕು ತಲೆ, ಎಂಟು ಕಾಲು ಒಟ್ಟಿಗೆ ಕಂಡರೆ ಮಾತ್ರ ಅದರ ಮಜಾ.

ಅದಕ್ಕೇ ಕೊಳ್ಳುವ ಮುಂಚೆ ನಾನು ಮಾಡುವುದು ಇಷ್ಟು. ಕೊಯ್ಲು ಮುಗಿದ ಮೇಲೆ, ಬೇಸಿಗೆಯಲ್ಲಿ ನೆಟ್ ಚೆನ್ನಾಗಿರುವಾಗ, ಬ್ಯಾಲೆ ಕಂಪನಿಗಳು ತಾವೇ ಹಾಕಿರುವ ತುಣುಕುಗಳನ್ನು ಹುಡುಕುತ್ತೇನೆ. ಒಂದೇ ದೃಶ್ಯವನ್ನು ಬೇರೆ ಬೇರೆ ರೆಕಾರ್ಡಿಂಗಿನಲ್ಲಿ ನೋಡುತ್ತೇನೆ, ಮೊದಲ ಸಲ ಧ್ವನಿ ಪೂರ್ತಿ ಇಳಿಸಿ. ಚೈಕೋವ್‌ಸ್ಕಿ ಕೇಳಿಸುತ್ತಿದ್ದರೆ ಎಂಥ ಚಿತ್ರೀಕರಣವೂ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಧ್ವನಿ ಇಲ್ಲದಿದ್ದರೆ ಎಷ್ಟು ಬೇಗ ಬೇಗ ಕ್ಯಾಮೆರಾ ಬದಲಾಗುತ್ತಿದೆ, ಕಾಲು ಎಲ್ಲಿ ಕತ್ತರಿಸಿ ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ನೆಗೆದವನು ನೆಲಕ್ಕೆ ಇಳಿಯುವ ತನಕ ಒಂದೇ ಶಾಟ್ ಇದೆಯೇ? ಗುಂಪು ಕುಣಿಯುವಾಗ ರಂಗದ ಎರಡೂ ಅಂಚು ಕಾಣುತ್ತವೆಯೇ? ಇವೆರಡು ಇದ್ದರೆ ಸಾಕು. 2014ರಿಂದ ವರ್ಲ್ಡ್ ಬ್ಯಾಲೆ ಡೇ ಹೆಸರಿನಲ್ಲಿ ದೊಡ್ಡ ಕಂಪನಿಗಳು ತಮ್ಮ ತಾಲೀಮನ್ನು ಪುಕ್ಕಟೆ ತೋರಿಸುತ್ತಿವೆ. ಅದನ್ನೂ ನೋಡಿ. ಕಲಿಸುವವರು ಎಲ್ಲಿ ತಡೆದು ತಿದ್ದುತ್ತಾರೆ ಎಂದು ನೋಡುತ್ತಾ ಹೋದರೆ ನಮ್ಮ ಕಣ್ಣೂ ಪಳಗುತ್ತದೆ.

ಮೊದಲು ಕೊಂಡದ್ದು ಸ್ವಾನ್ ಲೇಕ್ ಅಲ್ಲ, 'ಲಾ ಫೀಯ್ ಮಾಲ್ ಗಾರ್ಡೆ'. ಫ್ರೆಡರಿಕ್ ಆಶ್ಟನ್ 1960ರಲ್ಲಿ ರಾಯಲ್ ಬ್ಯಾಲೆಗೆ ಕಟ್ಟಿದ್ದು. ರೈತರ ಮನೆಯ ಕತೆ, ಎರಡು ಗಂಟೆಯೊಳಗೆ ಮುಗಿಯುತ್ತದೆ. ವಿಧವೆ ತಾಯಿ ಸಿಮೋನ್‌ಗೆ ಮಗಳು ಲೀಸ್‌ಳನ್ನು ದುಡ್ಡಿರುವ ಮನೆಯ ಪೆದ್ದ ಹುಡುಗನಿಗೆ ಕೊಡುವ ಆಸೆ. ಮಗಳ ಮನಸ್ಸು ಕೊಲಾ ಎಂಬ ರೈತನ ಮೇಲೆ. ಕೋಳಿಗಳ ಕುಣಿತವಿದೆ, ರಿಬ್ಬನ್ ಹಿಡಿದು ಕುಣಿಯುವುದಿದೆ, ರಂಗದ ಮೇಲೆ ನಿಜವಾದ ಪುಟ್ಟ ಕುದುರೆಯೇ ಬರುತ್ತದೆ. ಸಿಮೋನ್ ಪಾತ್ರ ಮಾಡುವುದು ಗಂಡಸು. ಮರದ ಚಪ್ಪಲಿ ಹಾಕಿಕೊಂಡು ಅವನು ಕುಣಿಯುವುದು ಬಂದಾಗ ನಮ್ಮ ಅತ್ತೆ ಅಡುಗೆಮನೆಯಿಂದ ಬಂದು ಕೂತರು. ಅವರು ಜೀವಮಾನವೆಲ್ಲ ಸ್ತ್ರೀವೇಷ ನೋಡಿದವರು. "ಗಂಡಸು ಅಂತ ಗೊತ್ತಾಗೋ ಹಾಗೇ ಮಾಡ್ತಾನಲ್ಲೇ, ನಮ್ಮೋರು ಹಂಗೆ ಮಾಡಲ್ಲ" ಎಂದರು. ಆದರೂ ಎದ್ದು ಹೋಗಲಿಲ್ಲ. ನನ್ನ ಹತ್ತಿರ ಇರುವುದು 2005ರ ರೆಕಾರ್ಡಿಂಗ್. ಲೀಸ್ ಆಗಿ ಮರಿಯನೆಲಾ ನುನ್ಯೆಸ್, ಕೊಲಾ ಆಗಿ ಕಾರ್ಲೋಸ್ ಅಕೋಸ್ಟಾ, ಸಿಮೋನ್ ಆಗಿ ವಿಲಿಯಂ ಟಕೆಟ್. ಮನೆಯಲ್ಲಿ ಬ್ಯಾಲೆ ಗೊತ್ತಿರುವವರು ಒಬ್ಬರೂ ಇಲ್ಲದಿದ್ದರೆ ಇದರಿಂದಲೇ ಶುರು ಮಾಡಿ. ದೊಡ್ಡ ಹೆಸರಿನ ದುರಂತ ಕತೆಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಅತ್ತೆಯ ಇನ್ನೊಂದು ದೂರು, ಯಾರೂ ಮಾತೇ ಆಡುವುದಿಲ್ಲ ಎಂದು. ತಾಳಮದ್ದಳೆಯ ಅರ್ಥ ಕೇಳಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಆದರೆ ಹಳೆಯ ಬ್ಯಾಲೆಗಳಲ್ಲಿ ಕೈಯಲ್ಲೇ ಮಾತಿದೆ. ಎರಡೂ ಕೈ ತಲೆಯ ಮೇಲೆ ಒಂದರ ಸುತ್ತ ಒಂದು ತಿರುಗಿಸಿದರೆ ಕುಣಿತ. ಉಂಗುರದ ಬೆರಳು ಮುಟ್ಟಿ ತೋರಿಸಿದರೆ ಮದುವೆ. ಮುಷ್ಟಿ ಹಿಡಿದು ಮಣಿಕಟ್ಟುಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟರೆ ಸಾವು. ಎರಡು ಬೆರಳು ಮೇಲೆತ್ತಿದರೆ ಆಣೆ. ಭರತನಾಟ್ಯ ಕಲಿಯುವ ನನ್ನ ಮಗಳು ಇವನ್ನು ಒಂದೇ ಸಂಜೆಯಲ್ಲಿ ಹಿಡಿದುಬಿಟ್ಟಳು. ಇಂಥ ಕೈಮಾತನ್ನು ಸೋವಿಯತ್ ಕಾಲದ ಆವೃತ್ತಿಗಳು ಬಹಳ ಮಟ್ಟಿಗೆ ತೆಗೆದುಹಾಕಿ ಅಲ್ಲಿ ಕುಣಿತವನ್ನೇ ಇಟ್ಟವು. ಲಂಡನ್ನಿನವರು ಉಳಿಸಿಕೊಂಡರು. ಹೊಸದಾಗಿ ನೋಡುವವರಿಗೆ ಕತೆ ಬೇಕಲ್ವಾ? ಆದ್ದರಿಂದ ನಾನು ಮೊದಮೊದಲು ಲಂಡನ್ನಿನ ಡಿಸ್ಕುಗಳನ್ನೇ ಜಾಸ್ತಿ ತಗೊಂಡೆ.

'ಜಿಸೆಲ್' ಕೊಂಡದ್ದೂ ಈ ಲೆಕ್ಕದಲ್ಲೇ. 1841ರಲ್ಲಿ ಪ್ಯಾರಿಸ್‌ನಲ್ಲಿ ಬಂದದ್ದು, ಎರಡೇ ಅಂಕ. ಹಳ್ಳಿ ಹುಡುಗಿ, ರೈತನ ವೇಷದಲ್ಲಿ ಬಂದು ವಂಚಿಸುವ ದೊರೆ, ಮದುವೆಗೆ ಮುಂಚೆ ಸತ್ತ ಹೆಣ್ಣುಗಳ ದೆವ್ವಗಳು. ಆ ದೆವ್ವಗಳ ವಿಷಯವನ್ನು ತಾಯಿ ಮೊದಲ ಅಂಕದಲ್ಲೇ ಕೈಯಲ್ಲಿ ಹೇಳಿ ಹೆದರಿಸುತ್ತಾಳೆ. ಅದು ಇದ್ದರೆ ಎರಡನೇ ಅಂಕ ತಾನಾಗಿ ಅರ್ಥವಾಗುತ್ತದೆ. ರಾಯಲ್ ಬ್ಯಾಲೆಯ ಪೀಟರ್ ರೈಟ್ ಆವೃತ್ತಿಯಲ್ಲಿ ಇದೆ. 2006ರ ರೆಕಾರ್ಡಿಂಗಿನಲ್ಲಿ ಅಲಿನಾ ಕೊಜೊಕಾರು, ಯೋಹಾನ್ ಕೊಬೋರ್ಗ್ ಇದ್ದಾರೆ. ಮೋಸ ತಿಳಿದ ಹುಡುಗಿಗೆ ಹುಚ್ಚು ಹಿಡಿಯುವ ದೃಶ್ಯದಲ್ಲಿ ಮಾತ್ರ ಕ್ಯಾಮೆರಾ ಮುಖದ ಹತ್ತಿರ ಬಂದರೂ ನನ್ನದು ತಕರಾರಿಲ್ಲ. ಅಲ್ಲಿ ನೋಡಬೇಕಾದ್ದು ಮುಖವೇ.

'ಲಾ ಬಯಾಡೇರ್' ಕೊಳ್ಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. 1877ರಲ್ಲಿ ಪೆಟಿಪಾ ಕಟ್ಟಿದ್ದು, ಮಿಂಕಸ್ ಸಂಗೀತ. ನಡೆಯುವುದು ಭಾರತದಲ್ಲಂತೆ. ದೇವಸ್ಥಾನದ ನರ್ತಕಿ ನಿಕಿಯಾ, ಯೋಧ ಸೊಲೊರ್, ರಾಜನ ಮಗಳು ಗಮ್ಜಾಟಿ, ನರ್ತಕಿಯ ಮೇಲೆ ಕಣ್ಣಿಟ್ಟ ದೊಡ್ಡ ಅರ್ಚಕ, ಹೂಬುಟ್ಟಿಯಲ್ಲಿ ಹಾವು. ಬೇಲೂರಿನ ಮದನಿಕೆಯರನ್ನು ನೋಡಿ ಬೆಳೆದ ನಮಗೆ ಆ ದೇವಸ್ಥಾನ, ಆ ಉಡುಪು ನೋಡಿದರೆ ನಗು ಬರುತ್ತದೆ. ಸಿಟ್ಟು ಬಂದರೂ ತಪ್ಪಿಲ್ಲ. ಆದರೆ ಸೊಲೊರ್ ಅಫೀಮು ಸೇದಿ ಕಾಣುವ ಕನಸಿನ ದೃಶ್ಯವಿದೆ, ನೆರಳುಗಳದ್ದು. ಕತ್ತಲಲ್ಲಿ ಇಳಿಜಾರಿನ ಮೇಲೆ ಬಿಳಿ ಬಟ್ಟೆಯ ಒಬ್ಬಳು ಬರುತ್ತಾಳೆ. ಒಂದು ಕಾಲು ಹಿಂದಕ್ಕೆ ಎತ್ತಿ ಬಾಗುತ್ತಾಳೆ, ಹಿಂದೆ ಸರಿಯುತ್ತಾಳೆ, ಎರಡು ಹೆಜ್ಜೆ ಮುಂದೆ. ಅವಳ ಹಿಂದೆ ಇನ್ನೊಬ್ಬಳು, ಅದೇ ಭಂಗಿ. ಹೀಗೆ 24 ಜನ, ಕೆಲವು ಕಂಪನಿಗಳಲ್ಲಿ 32. ಕೊನೆಯವಳು ಇಳಿಯುವ ತನಕ ಮೊದಲಿನವಳು ಅದನ್ನೇ ಮಾಡುತ್ತಿರಬೇಕು. ಒಬ್ಬಳ ಕಾಲು ನಡುಗಿದರೂ ಕಾಣುತ್ತದೆ. ಇಡೀ ಬ್ಯಾಲೆಯ ಬೆಲೆ ಈ ಒಂದು ದೃಶ್ಯಕ್ಕೇ ಕೊಡಬಹುದು ಅನ್ನಿಸಿ ಕೊಂಡೆ.

ಇದರಲ್ಲೂ ಯಾರದ್ದು ಎಂಬ ಪ್ರಶ್ನೆ ಬಂತು. ನುರಿಯೆವ್ 1992ರಲ್ಲಿ ಪ್ಯಾರಿಸ್ ಅಪೆರಾಗೆ ಮಾಡಿಸಿದ್ದು ನೆರಳುಗಳ ದೃಶ್ಯಕ್ಕೇ ಮುಗಿಯುತ್ತದೆ. ಅದಾಗಿ ಕೆಲವೇ ತಿಂಗಳಲ್ಲಿ, 1993ರ ಜನವರಿಯಲ್ಲಿ, ಅವರು ತೀರಿಕೊಂಡರು. ನತಾಲಿಯಾ ಮಕರೋವಾ ಮಾಡಿಸಿದ್ದರಲ್ಲಿ ದೇವಸ್ಥಾನ ಕುಸಿದು ಬೀಳುವ ಕೊನೆಯ ಅಂಕವೂ ಇದೆ. ನನಗೆ ಕತೆ ಪೂರ್ತಿ ಬೇಕಿತ್ತು. ಹಾಗಾಗಿ ಮಕರೋವಾ ಆವೃತ್ತಿಯ 2009ರ ಲಂಡನ್ ರೆಕಾರ್ಡಿಂಗ್ ತಗೊಂಡೆ, ತಮಾರಾ ರೊಹೊ, ಅಕೋಸ್ಟಾ, ನುನ್ಯೆಸ್ ಇರುವುದು. ಇದೊಂದನ್ನು ಬ್ಲೂ-ರೇಯಲ್ಲೇ ಕೊಳ್ಳಿ. ಡಿವಿಡಿಯಲ್ಲಿ ಚಿತ್ರಕ್ಕೆ ಹೆಚ್ಚೆಂದರೆ 576 ಗೆರೆ, ಬ್ಲೂ-ರೇಯಲ್ಲಿ 1080. ಮಂದ ಬೆಳಕಿನಲ್ಲಿ ದೂರದಿಂದ ತೆಗೆದ ಇಷ್ಟೊಂದು ಬಿಳಿ ಲಂಗಗಳು ಡಿವಿಡಿಯಲ್ಲಿ ಕಲಸಿಹೋಗುತ್ತವೆ. 'ಲಾ ಫೀಯ್ ಮಾಲ್ ಗಾರ್ಡೆ'ಯಂಥ ಬೆಳಕು ತುಂಬಿದ ಬ್ಯಾಲೆಗೆ ಡಿವಿಡಿ ಸಾಕು.

'ನಟ್‌ಕ್ರ್ಯಾಕರ್' ಕ್ರಿಸ್‌ಮಸ್ ಕತೆ, ಡಿಸೆಂಬರಿನಲ್ಲಿ ನೋಡುವಂಥದ್ದು ಎನ್ನುತ್ತಾರೆ. ನಮಗೆ ಡಿಸೆಂಬರ್ ಎಂದರೆ ಅರೇಬಿಕಾ ಕೊಯ್ಲು, ಕಣದ ಕೆಲಸ. ಟಿವಿ ಕಡೆ ತಲೆ ಹಾಕಲೂ ಆಗುವುದಿಲ್ಲ. ಆದರೂ ಒಂದು ಡಿಸ್ಕ್ ಇದೆ. ಎರಡನೇ ಅಂಕದಲ್ಲಿ ಚಾಕೊಲೇಟ್, ಕಾಫಿ, ಟೀ ಎಂದು ಒಂದೊಂದಕ್ಕೆ ಒಂದೊಂದು ಕುಣಿತ. ಕಾಫಿಯದ್ದು ಅರಬ್ಬರ ಕುಣಿತ. ಬಾಬಾಬುಡನ್ ಯೆಮನ್ನಿನಿಂದ ಬೀಜ ತಂದರೆಂಬ ಊರಿನವರು ಅಷ್ಟಾದರೂ ನೋಡಬೇಡವೇ?

ಹಳೆಯ ಹೆಸರುಗಳನ್ನು ಬೇಕೆಂದೇ ಹಿಂದಕ್ಕೆ ಇಟ್ಟೆ. ನರ್ತಕಿ ಮಾರ್ಗೊ ಫಾಂಟೇನ್ ಮತ್ತು ನುರಿಯೆವ್ ಅವರ 1966ರ 'ರೋಮಿಯೋ ಅಂಡ್ ಜೂಲಿಯೆಟ್', ಬರಿಶ್ನಿಕೋವ್ ಅವರ 1977ರ ನಟ್‌ಕ್ರ್ಯಾಕರ್ ಇವೆಲ್ಲ ಬೇಕೇ ಬೇಕು. ಆದರೆ ಚಿತ್ರ ಮಸುಕು, ಧ್ವನಿ ಹಳೆಯದು. ಕಣ್ಣು ಪಳಗಿದ ಮೇಲೆ ನೋಡಿದರೆ ಆ ಮಸುಕಿನಲ್ಲೂ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ. ಇವನ್ನು ಹಾಕುವಾಗ ಟಿವಿಯ ಚಿತ್ರದ ಅಳತೆಯನ್ನು 4:3ಕ್ಕೆ ಇಡಿ. ಇಲ್ಲದಿದ್ದರೆ ಟಿವಿ ಚಿತ್ರವನ್ನು ಅಡ್ಡಕ್ಕೆ ಎಳೆದು ಪಾಪ, ಫಾಂಟೇನ್ ಅವರನ್ನೂ ದಪ್ಪ ಮಾಡಿಬಿಡುತ್ತದೆ.

ಡಿಸ್ಕಿನ ಹಿಂಬದಿ ನೋಡದೆ ದುಡ್ಡು ಕೊಡಬೇಡಿ. ಡಿವಿಡಿಯಲ್ಲಿ ಪುಟ್ಟ ಭೂಗೋಳದ ಗುರುತಿನೊಳಗೆ ಒಂದು ಅಂಕಿ ಇರುತ್ತದೆ. ಭಾರತದ್ದು 5. ಬ್ಲೂ-ರೇಯಲ್ಲಿ ನಮ್ಮದು ಸಿ. 0 ಅಥವಾ ಎಲ್ಲ ವಲಯಗಳಿಗೆ ಎಂದಿದ್ದರೆ ಚಿಂತೆಯಿಲ್ಲ, ಬ್ಯಾಲೆ ಡಿಸ್ಕುಗಳಲ್ಲಿ ಅಂಥವು ಸಾಕಷ್ಟು ಸಿಗುತ್ತವೆ. ಅಮೆರಿಕದ ಹಳೆಯ ಡಿವಿಡಿಗಳಲ್ಲಿ 1 ಇದ್ದರೆ ನಮ್ಮ ಪ್ಲೇಯರ್ ತೆಗೆದುಕೊಳ್ಳದೇ ಇರಬಹುದು. ಹೊರದೇಶದಿಂದ ತರಿಸಿದರೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿ ಬೆಲೆ ಏರುತ್ತದೆ. ನಾನು ಪಟ್ಟಿ ಮಾಡಿಟ್ಟುಕೊಂಡು ರಜೆಗೆ ಬರುವ ನೆಂಟರಿಗೆ ಕಳಿಸುತ್ತೇನೆ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಗೀರು ಇಲ್ಲದಿದ್ದರೆ ಆಯಿತು.

ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. ಜುಲೈನಲ್ಲಿ ಬೀರುವಿನ ರೇಷ್ಮೆ ಸೀರೆಗೂ ಬಿಡುವುದಿಲ್ಲ, ಡಿಸ್ಕಿಗೆ ಬಿಡುತ್ತದೆಯೇ? ಮೊದಲು ಹಿಡಿಯುವುದು ಒಳಗಿನ ಪುಸ್ತಿಕೆಗೆ. ಅದನ್ನು ತೆಗೆದು ಬೇರೆ ಕಡೆ ಇಡುತ್ತೇನೆ. ಡಿಸ್ಕುಗಳನ್ನು ಡಬ್ಬಿಯಲ್ಲೇ ನೆಟ್ಟಗೆ ನಿಲ್ಲಿಸಿ, ಗಾಳಿಯಾಡದ ದೊಡ್ಡ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟಿದ್ದೇನೆ. ಬಿಸಿಲು ಬಿದ್ದ ದಿನ ಪೊಟ್ಟಣ ಬದಲಿಸುತ್ತೇನೆ. ಒರೆಸುವುದಾದರೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ, ನಡುವಿನ ತೂತಿನಿಂದ ಅಂಚಿಗೆ ನೇರವಾಗಿ. ಸುತ್ತಲೂ ಉಜ್ಜಬಾರದು. ಮಾಹಿತಿ ಸುತ್ತು ಸುತ್ತಾಗಿ ಇರುವುದರಿಂದ ಸುತ್ತು ಗೀರು ಬಿದ್ದರೆ ಒಂದೇ ಕಡೆ ಉದ್ದಕ್ಕೂ ಹೋಗುತ್ತದೆ, ನೇರ ಗೀರಾದರೆ ಪ್ಲೇಯರ್ ಹೇಗೋ ಸಂಭಾಳಿಸುತ್ತದೆ. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಕೆಳಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಗಟ್ಟಿ ಲೇಪ ಇದ್ದರೂ ಹುಷಾರಾಗಿ ಹಿಡಿಯಬೇಕು.

ಮುಂದಿನ ಪಟ್ಟಿಯಲ್ಲಿ ಎರಡಿವೆ. ನನಗೆ ಬೇಕಾದ್ದು ಬಲಂಶೀನ್ 1967ರಲ್ಲಿ ಕಟ್ಟಿದ 'ಜ್ಯುವೆಲ್ಸ್', ಪ್ಯಾರಿಸ್ ಅಪೆರಾದವರು ಆಡಿದ್ದು. ಪಚ್ಚೆ, ಕೆಂಪು, ವಜ್ರ ಎಂದು ಮೂರು ಭಾಗ, ಕತೆಯೇ ಇಲ್ಲ. "ಕತೆ ಇಲ್ದೇ ಇರೋದನ್ನ ಸುಮ್ನೆ ಯಾಕೆ ತರ್ತೀಯ?" ಎಂದು ಅತ್ತೆ ಈಗಲೇ ಶುರು ಮಾಡಿದ್ದಾರೆ. ನಮ್ಮ ಮನೆಯವರಿಗೆ 'ಸ್ಪಾರ್ಟಕಸ್' ಬೇಕು, ಅಕೋಸ್ಟಾ ಮಾಸ್ಕೋದ ಬೊಲ್ಶೊಯ್ ಕಂಪನಿ ಜೊತೆ ಕುಣಿದ 2008ರದ್ದು. ಗುಲಾಮರ ದಂಗೆ, ಕತ್ತಿ, ಗುರಾಣಿ, ರಂಗದ ತುಂಬ ಗಂಡಸರು. ಎರಡರದ್ದೂ ತುಣುಕುಗಳನ್ನು ಧ್ವನಿ ಇಳಿಸಿ ನೋಡಬೇಕು. ಕಾಲು ಯಾವುದರಲ್ಲಿ ಚೆನ್ನಾಗಿ ಕಾಣುತ್ತದೋ ಅದು ಮೊದಲು ಬರುತ್ತದೆ.