ಸ್ವಚ್ಛ ಸಂಕೀರ್ಣದ ಕರಾರು ಮುಂದುವರಿಸುವಾಗ ನೋಡಬೇಕಾದ್ದು

ಸ್ವಚ್ಛ ಸಂಕೀರ್ಣ ಎಂದರೆ ಒಣ ಕಸ ಕೂಡಿಸಿ ಎಂಆರ್‌ಎಫ್‌ಗೆ (ಒಣ ಕಸ ವಿಂಗಡಿಸಿ ಮರುಬಳಕೆಗೆ ಕಳಿಸುವ ದೊಡ್ಡ ಕೇಂದ್ರಕ್ಕೆ) ಕಳಿಸುವ ಗ್ರಾಮ ಪಂಚಾಯಿತಿ ಘಟಕ. ಅದರ ಕರಾರು ಮಾರ್ಚ್ 31ಕ್ಕೆ ಮುಗಿಯುವುದಾದರೆ ಕೆಲಸ ಡಿಸೆಂಬರಿನಲ್ಲೇ ಶುರುವಾಗಬೇಕು. ಅವಧಿ ಮುಗಿದ ಮೇಲೆ ಹಿಂದಿನ ತಾರೀಖು ಹಾಕಿ ಬರೆದ ವಿಸ್ತರಣೆ ಪತ್ರ ಆಡಿಟ್‌ನಲ್ಲಿ ನಿಲ್ಲುವುದಿಲ್ಲ. ನಡುವಿನ ದಿನಗಳ ಬಿಲ್ಲಿಗೆ ಆಧಾರವೇ ಇಲ್ಲದಂತಾಗಿ, ಕೊನೆಗೆ ಘಟಕ ನಡೆಸುವ ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ) ಹೆಣ್ಣುಮಕ್ಕಳ ಕೂಲಿಯೇ ಸಿಕ್ಕಿಬೀಳುತ್ತದೆ.

ಮೊದಲು ಹಳೆ ಕರಾರು ತೆಗೆದು, ಮುಂದುವರಿಕೆಯ ಷರತ್ತು ಇದೆಯೇ ನೋಡಿ. ಇದ್ದರೆ ಎಷ್ಟು ಅವಧಿಗೆ, ಎಷ್ಟು ಸಲ, ಎಷ್ಟು ದಿನ ಮೊದಲು ಬರೆದುಕೊಡಬೇಕು ಎಂಬುದನ್ನು ಗುರುತಿಸಿಕೊಳ್ಳಿ. ಇಲ್ಲದಿದ್ದರೆ ವಿಸ್ತರಣೆಯ ಗೊಡವೆ ಬೇಡ, ಹೊಸ ಕರಾರೇ ಮಾಡಿ. ನಡೆಸುವವರು ಸಂಜೀವಿನಿ ಒಕ್ಕೂಟದವರಲ್ಲದೆ ಖಾಸಗಿ ಗುತ್ತಿಗೆದಾರರಾಗಿದ್ದರೆ ಸಾರ್ವಜನಿಕ ಸಂಗ್ರಹಣೆಗಳಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆಯ ಪ್ರಶ್ನೆ ಏಳುತ್ತದೆ. ಅದನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಹೆಚ್ಚಿನ ಕಡೆ ಎಡವುವುದು ದರದಲ್ಲಿ. ಹಳೆ ದರಕ್ಕೆ ಶೇ 5 ಕೂಡಿಸಿ ಸಹಿ ಹಾಕಿಬಿಡುತ್ತಾರೆ. ಅದಕ್ಕೆ ಮೊದಲು 12 ತಿಂಗಳ ತೂಕದ ಪುಸ್ತಕ ಇಟ್ಟುಕೊಂಡು ಕೂಡಬೇಕು: ಒಳಬಂದದ್ದು ಎಷ್ಟು, ಗುಜರಿಗೆ ಮಾರಿದ್ದು ಎಷ್ಟು, ಎಂಆರ್‌ಎಫ್‌ಗೆ ಹೋದದ್ದು ಎಷ್ಟು, ಉಳಿದದ್ದು ಎಷ್ಟು. ಬರೀ ಕೆಜಿ ಲೆಕ್ಕದಲ್ಲಿ ಹಣ ಕೊಟ್ಟರೆ ಮಣ್ಣು, ಹಸಿ ಕಸ, ಒದ್ದೆ ರಟ್ಟು ಎಲ್ಲವೂ ತಕ್ಕಡಿ ಏರುತ್ತವೆ. ಬರೀ ಟ್ರಿಪ್ ಲೆಕ್ಕವಾದರೆ ಅರ್ಧ ಖಾಲಿ ಗಾಡಿ ಓಡುತ್ತದೆ. ಟ್ರಿಪ್‌ಗೆ ದರ ಇಟ್ಟು, ಕನಿಷ್ಠ ತೂಕ ನಿಗದಿ ಮಾಡಿ, ಕೂಲಿಯನ್ನು ಅದರಿಂದ ಬೇರೆ ಇಡುವುದೇ ವಾಸಿ.

ಕನಿಷ್ಠ ತೂಕ ಹಾಕುವಾಗ ಗಾಡಿಯ ಜಾಗ ಮರೆಯಬೇಡಿ. ಬಿಡಿ ಪ್ಲಾಸ್ಟಿಕ್ ಒಂದು ಘನ ಮೀಟರಿಗೆ ಸುಮಾರು 30ರಿಂದ 50 ಕೆಜಿ ಮಾತ್ರ ತೂಗುತ್ತದೆ. ಜಾಲರಿ ಎತ್ತರಿಸಿದ ಸಣ್ಣ ಗೂಡ್ಸ್ ಗಾಡಿಯಲ್ಲಿ 3 ಘನ ಮೀಟರ್ ಹಿಡಿದರೂ ಹೊರಟದ್ದು 120 ಕೆಜಿ ಆಸುಪಾಸು. ಎಂಆರ್‌ಎಫ್ 30 ಕಿ.ಮೀ. ದೂರವಿದ್ದು, ಗಾಡಿ ಲೀಟರಿಗೆ 15 ಕಿ.ಮೀ. ಕೊಟ್ಟರೆ, ಅಷ್ಟು ಮಾಲಿಗೇ ಹೋಗಿಬರಲು 4 ಲೀಟರ್ ಡೀಸೆಲ್. ಒತ್ತಿ ಬೇಲ್ (ಬಿಗಿಯಾಗಿ ಕಟ್ಟಿದ ಪಿಂಡಿ) ಮಾಡಿದರೆ ಅದೇ 4 ಲೀಟರಿನಲ್ಲಿ ಹಲವು ಪಟ್ಟು ಮಾಲು ಹೋಗುತ್ತದೆ. ಹಾಗಾಗಿ ಬೇಲಿಂಗ್ ಯಂತ್ರ ಕೆಟ್ಟರೆ ರಿಪೇರಿ ಯಾರದು, ಎಷ್ಟು ದಿನದೊಳಗೆ, ಅಲ್ಲಿಯವರೆಗೆ ಕನಿಷ್ಠ ತೂಕಕ್ಕೆ ವಿನಾಯಿತಿ ಉಂಟೇ ಎಂಬುದು ಕರಾರಿನಲ್ಲೇ ಇರಲಿ.

ಸರಾಸರಿಯನ್ನು ನಂಬಿದರೆ ಯಾತ್ರೆಯ ಊರುಗಳು ಕೈಕೊಡುತ್ತವೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಂಥ ಕಡೆ ಹುಣ್ಣಿಮೆ ಜನಸಂದಣಿಯ ಕಸ ಬೇರೆ, ಉಳಿದ ದಿನಗಳದ್ದು ಬೇರೆ. ಹುಣ್ಣಿಮೆ, ಅಮಾವಾಸ್ಯೆ, ಜಾತ್ರೆಗಳಿಗೆ ಹೆಚ್ಚುವರಿ ಟ್ರಿಪ್, ಹೆಚ್ಚುವರಿ ಕೈಯಾಳುಗಳ ದರ ಪ್ರತ್ಯೇಕವಾಗಿ ಬರೆಯಿರಿ.

ಗುಜರಿಗೂ ಹೋಗದ ಚಿಪ್ಸ್ ಪ್ಯಾಕೆಟ್, ಹರಿದ ಪ್ಲಾಸ್ಟಿಕ್ಕಿನ ಗತಿ ಏನೆಂದು ಹಳೆ ಕರಾರುಗಳು ಹೇಳುವುದೇ ಕಡಿಮೆ. ಸಿಮೆಂಟ್ ಗೂಡಿನಲ್ಲಿ ಇದನ್ನು ಇಂಧನವಾಗಿ ಉರಿಸಬಹುದು, ವಾಡಿ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿರುವುದು ಕಲಬುರಗಿ ಜಿಲ್ಲೆಗೆ ಅನುಕೂಲವೇ. ಆದರೆ ಒದ್ದೆ ಮಾಲು ಶಾಖ ತಿನ್ನುತ್ತದೆ, ಪಿವಿಸಿ ಪೈಪು, ರೆಕ್ಸಿನ್ ಸೇರಿದರೆ ಕ್ಲೋರಿನ್‌ನಿಂದ ಗೂಡಿನೊಳಗೆ ಪದರುಗಟ್ಟುತ್ತದೆ. ಅಂಥ ಲೋಡ್ ವಾಪಸು ಬಂದರೆ ಬಾಡಿಗೆ ಯಾರ ತಲೆಗೆ? ವಿಂಗಡಿಸಿದವರಿಗೇ ಎಂದು ಬರೆಯುವ ಮುನ್ನ ಶೆಡ್ಡಿನ ತಗಡು ಮಳೆಗೆ ಸೋರುತ್ತಿಲ್ಲವೇ ನೋಡಿ, ಸೋರಿಕೆ ತಡೆಯುವುದು ಪಂಚಾಯಿತಿಯ ಹೊಣೆ. ತೊಗರಿ, ಹತ್ತಿ ಹೊಲಗಳಿಂದ ಬರುವ ಕೀಟನಾಶಕ ಡಬ್ಬಿಗಳನ್ನು ಬೇರೆ ಡ್ರಮ್ಮಿನಲ್ಲಿಡುವ ಷರತ್ತೂ ಬೇಕು. ಅವನ್ನು ತೊಳೆದು ಗುಜರಿಗೆ ಹಾಕುವುದು ಕೂಡದು.

ಹಣದ ಮೂಲದ ಸಾಲನ್ನು ನಕಲು ಮಾಡಬೇಡಿ. 15ನೇ ಹಣಕಾಸು ಆಯೋಗದ ಅವಧಿ 2025–26ಕ್ಕೆ ಕೊನೆ. ಅದರ ಹೆಸರು ಹಾಗೇ ಉಳಿದರೆ ಆ ನಂತರದ ವರ್ಷದ ಬಿಲ್ಲು ತಡೆಯುತ್ತದೆ. ಮನೆ, ಅಂಗಡಿಗಳ ಶುಲ್ಕದಿಂದ ಎಷ್ಟು, ಅನುದಾನದಿಂದ ಎಷ್ಟು, ಶುಲ್ಕ ಕಡಿಮೆ ಬಿದ್ದರೆ ತುಂಬುವವರು ಯಾರು ಎಂದು ಬಿಡಿಸಿ ಬರೆಯಿರಿ.

ಇದಾದ ಮೇಲೆ ಠರಾವು. ಸಾಮಾನ್ಯ ಸಭೆಯ ನೋಟಿಸಿನ ವಿಷಯಪಟ್ಟಿಯಲ್ಲೇ ಇದು ಇರಬೇಕು. ‘ಇತರೆ ವಿಷಯ’ದಡಿ ತುರುಕಿದರೆ ಆಕ್ಷೇಪಣೆಗೆ ಬಾಗಿಲು ತೆರೆದಂತೆ. ಠರಾವಿನಲ್ಲಿ ಅವಧಿ, ದರ, ಹಣದ ಮೂಲ ಮೂರೂ ಬರಲಿ. ಒಕ್ಕೂಟದವರೂ ತಮ್ಮ ಸಭೆಯಲ್ಲಿ ಒಪ್ಪಿ ನಡಾವಳಿಯ ಪ್ರತಿ ಕೊಡಲಿ. ವಿಸ್ತರಣೆಯಾದರೆ ಇ-ಸ್ಟಾಂಪ್ ಕಾಗದದ ಮೇಲೆ ಹಳೆ ಕರಾರಿನ ತಾರೀಖು ನಮೂದಿಸಿ, ಬದಲಾದ ಷರತ್ತುಗಳನ್ನು ಮಾತ್ರ ಬರೆದು, ‘ಉಳಿದವು ಯಥಾಪ್ರಕಾರ’ ಎಂದು ಮುಗಿಸಿದರೆ ಸಾಕು.

ಕಡತಕ್ಕೆ ಸೇರಬೇಕಾದ್ದು: ಕಸ ಸಾಗಿಸುವ ಸ್ವಚ್ಛ ವಾಹಿನಿ ಗಾಡಿಯ ವಿಮೆ ಮತ್ತು ಎಫ್‌ಸಿ (ಸುಸ್ಥಿತಿ ಪತ್ರ), ಚಾಲಕಿಯ ಲೈಸೆನ್ಸು, ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಆ ವರ್ಷದ ಮುದ್ರೆ, ಬೆಂಕಿ ಆರಿಸುವ ಸಿಲಿಂಡರಿನ ಅವಧಿ. ಏಪ್ರಿಲ್, ಮೇ ಬಿಸಿಲಿಗೆ ಶೆಡ್ಡಿನಲ್ಲಿ ಒಂದು ಬೀಡಿಯೂ ಸಾಕು.

ಕೊನೆಯದು ದಾಸ್ತಾನು. ಹಳೆ ಅವಧಿಯ ಕಡೇ ದಿನ ಶೆಡ್ಡಿನಲ್ಲಿರುವ ಬೇಲ್‌ಗಳನ್ನು ಪಿಡಿಒ ಮತ್ತು ಒಕ್ಕೂಟದ ಅಧ್ಯಕ್ಷೆ ಎದುರು ತೂಗಿ, ಇಬ್ಬರೂ ಸಹಿ ಹಾಕಲಿ. ಆ ಮಾಲಿನ ಹಣ ಹಳೆ ಲೆಕ್ಕಕ್ಕೆ, ಮರುದಿನ ಬಂದದ್ದು ಹೊಸ ಲೆಕ್ಕಕ್ಕೆ.