ರಾಜ್ಯೋತ್ಸವದ ದಿನ ಮೈಕ್ ನಿಮ್ಮ ಕೈಗೆ ಬಂದರೆ

ನವೆಂಬರ್ 1 ಹತ್ತಿರ ಬಂತೆಂದರೆ ಆಫೀಸಿನಲ್ಲೋ ಅಪಾರ್ಟ್‌ಮೆಂಟಿನಲ್ಲೋ ಯಾರದೋ ತಲೆಗೆ ಭಾಷಣ ಕಟ್ಟುತ್ತಾರೆ: ‘ಈ ಸಲ ನೀವೇ ಎರಡು ಮಾತಾಡಿಬಿಡಿ.’ ಮುಂದಿನದನ್ನು ಪ್ರತಿ ವರ್ಷ ನೋಡುತ್ತೇನೆ. ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಗಿಸುವವರೇ ಮೈಕ್ ಮುಂದೆ ಬೆವರುತ್ತಾರೆ. ಬಾಯಿಪಾಠದ ಮೂರನೇ ಸಾಲು ಕೈಕೊಡುತ್ತದೆ. ‘ಇಷ್ಟು ಹೇಳಿ ಮುಗಿಸುತ್ತೇನೆ’ ಎಂದು ಇಳಿದುಬಿಡುತ್ತಾರೆ.

ಮೊದಲು ಒಂದೇ ವಿಷಯ ಆರಿಸಿ. ಮೂರು ನಿಮಿಷದಲ್ಲಿ ಕದಂಬರಿಂದ ಕುವೆಂಪುವರೆಗೆ ಹಿಡಿಸುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ರೆಡಿಮೇಡ್ ಭಾಷಣವೂ ಬೇಡ. ಎದುರಿಗೆ ಕೂತ ಅರ್ಧ ಜನಕ್ಕೆ ಅದು ಆಗಲೇ ಬಂದಿರುತ್ತದೆ.

ಮುಖ್ಯ ಪದಗಳನ್ನಷ್ಟೇ ದಪ್ಪ ರಟ್ಟಿನ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ. ತೆಳು ಹಾಳೆಯಾದರೆ ಕೈ ನಡುಗಿದಾಗ ಅದೂ ಪಟಪಟ ಅನ್ನುತ್ತದೆ. ಮೊಬೈಲ್ ಅಂತೂ ಬೇಡವೇ ಬೇಡ. ಬೇಕಾದ ಹೊತ್ತಿಗೇ ಸ್ಕ್ರೀನ್ ಆಫ್ ಆಗುತ್ತದೆ.

ಮನೆಯವರೊಬ್ಬರ ಎದುರು ನಿಂತು, ಜೋರಾಗಿ ಅಭ್ಯಾಸ ಮಾಡಿ. ಕನ್ನಡಿ ಮುಂದೆ ಬೇಡ, ಗಮನವೆಲ್ಲ ಮುಖದ ಮೇಲೇ ಹೋಗುತ್ತದೆ.

ಅಸಲಿ ಕಷ್ಟ ಇರುವುದು ಹೆಸರು ಕೂಗಿದ ಮೇಲಿನ ಒಂದು ನಿಮಿಷದಲ್ಲಿ. ಅಡ್ರಿನಲಿನ್ ಏರಿ ಎದೆ ಡವಡವ ಅನ್ನುತ್ತದೆ, ಬಾಯಿ ಒಣಗುತ್ತದೆ. ಮಾತು ಓಡತೊಡಗಿದ ಮೇಲೆ ಸಾಮಾನ್ಯವಾಗಿ ಇದು ಇಳಿಯುತ್ತದೆ. ಹಾಗಾಗಿ ಬಾಯಿಪಾಠ ಮಾಡಬೇಕಾದದ್ದು ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ. ಅಷ್ಟೇ. ಕೂತಲ್ಲೇ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ನಿಧಾನವಾಗಿ ಬಿಟ್ಟಾಗ ಎದೆಬಡಿತವೂ ತಗ್ಗುತ್ತದೆ. ಇದಕ್ಕೆಂದು ಯಾರೋ ಹೇಳಿದರೆಂದು, ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ನುಂಗುವವರಿದ್ದಾರೆ. ವೈದ್ಯರನ್ನು ಕೇಳದೆ ಮುಟ್ಟಬೇಡಿ, ಆಸ್ತಮಾ ಇದ್ದವರಿಗೆ ಅದು ಅಪಾಯ.

ಮೈಕನ್ನು ತಟ್ಟಬೇಡಿ, ಊದಬೇಡಿ. ಬಾಯಿಂದ ಎರಡು ಮೂರು ಬೆರಳಷ್ಟು ದೂರ ಹಿಡಿಯಿರಿ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದರೆ, ಸ್ಪೀಕರ್ ಬಾಕ್ಸಿನ ಮುಂದೆ ಹೋದರೆ ‘ಕುಂಯ್’ ಅನ್ನುತ್ತದೆ. ಆ ಸದ್ದಿಗೆ ಅರ್ಧ ಧೈರ್ಯ ಹೋಗುತ್ತದೆ, ಅಲ್ವಾ? ಮೂರನೇ ಸಾಲಿನಲ್ಲಿ ಪರಿಚಯದ ಮುಖ ಹುಡುಕಿ. ಗಣ್ಯರ ಪಟ್ಟಿ ಓದುವುದು ನಿರೂಪಕರ ಕೆಲಸ. ನಿಮಗೆ ‘ಎಲ್ಲರಿಗೂ ನಮಸ್ಕಾರ’ ಸಾಕು. ನೇರ ವಿಷಯಕ್ಕೆ ಬನ್ನಿ: ‘1956ರಲ್ಲಿ ಒಂದಾದ ನಮ್ಮ ನಾಡಿಗೆ ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರಲ್ಲಿ. ಹದಿನೇಳು ವರ್ಷ ನಾವು ಮೈಸೂರು ರಾಜ್ಯದವರಾಗಿದ್ದೆವು.’ ಇಷ್ಟಕ್ಕೆ ಮಕ್ಕಳೂ ತಲೆ ಎತ್ತುತ್ತಾರೆ.

‘ನನಗೆ ಮಾತಾಡಿ ಅಭ್ಯಾಸವಿಲ್ಲ, ತಪ್ಪಿದ್ದರೆ ಕ್ಷಮಿಸಿ’ ಎಂದು ಶುರು ಮಾಡುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಜನ ಆಗ ತಪ್ಪು ಹುಡುಕಲು ಕೂರುತ್ತಾರೆ. ನಿಮ್ಮೊಳಗಿನ ನಡುಕ ನೀವು ಅಂದುಕೊಂಡಷ್ಟು ಹೊರಗೆ ಕಾಣುವುದೂ ಇಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಕೆನೆತ್ ಸವಿಟ್ಸ್ಕಿ, ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮಾತನ್ನು ಮೊದಲೇ ತಿಳಿದುಕೊಂಡವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದ್ದರು. ವೇದಿಕೆ ಹತ್ತುವ ಮುಂಚೆ ಇದನ್ನು ನೆನಪಿಸಿಕೊಳ್ಳಿ. ‘ಏಳು ದಿನದಲ್ಲಿ ವಾಗ್ಮಿಯಾಗಿ’ ಅನ್ನುವ ಕೋರ್ಸಿಗೆ ದುಡ್ಡು ಸುರಿಯುವುದಕ್ಕಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ನಡುವೆ ಮರೆತರೆ? ಸುಮ್ಮನೆ ನಿಲ್ಲಿ. ರಟ್ಟು ನೋಡಿ, ಒಂದು ಗುಟುಕು ನೀರು ಕುಡಿಯಿರಿ. ಆ ಮೌನ ಉದ್ದ ಅನ್ನಿಸುವುದು ನಿಮಗೊಬ್ಬರಿಗೇ.

ಕೊನೆಯ ವಾಕ್ಯ ಹೇಳಿ, ಮೈಕ್ ಕೊಟ್ಟು ಇಳಿಯಿರಿ. ‘ಸಮಯದ ಅಭಾವದಿಂದ’ ಎಂದು ಬಾಲ ಸೇರಿಸಬೇಡಿ.