ಹುಣಸೆ ಬೀಜಕ್ಕೆ ಸಿಕ್ಕಿಬಿದ್ದ 'ನಾನು'

ಗುರುವಾರ ಸಂಜೆ ನಾವೊಂದಷ್ಟು ಜನ ಬಸವನಗುಡಿಯಲ್ಲಿ ಧ್ಯಾನಕ್ಕೆ ಸೇರುತ್ತೇವೆ. 'ಅಹಂಕಾರ ತಲೆ ಎತ್ತಿದಾಗೆಲ್ಲ ಒಂದು ಹುಣಸೆ ಬೀಜ ಈ ಜೇಬಿನಿಂದ ಆ ಜೇಬಿಗೆ ಹಾಕ್ತೀನಿ' ಅಂದಾಗ ಎಲ್ಲರೂ ನಕ್ಕಿದ್ದರು. 'ಅಹಂಕಾರ ತೂಗೋಕೆ ತಕ್ಕಡಿನೂ ತರ್ತೀರಾ ರಾಯರೇ?' ಅಂದಿದ್ದರು ಒಬ್ಬ ಹಿರಿಯರು. ಎರಡು ವರ್ಷ ಆಯ್ತು. ಬೀಜ ಕೆಲಸ ಮಾಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದ ಕಥೆ. ಊರಾಚೆ ಒಂದು ಶಿಬಿರ, ಎರಡು ದಿನಕ್ಕೆ ಸುಮಾರು 18 ಸಾವಿರ. ಮುಂದಿನ ಸಾಲಿಗೆ ಇನ್ನೂ 4 ಸಾವಿರ ಜಾಸ್ತಿ. ಅಹಂಕಾರ ಬಿಡೋಕೆ ಹೋದವನು ಮುಂದಿನ ಸಾಲೇ ಬೇಕು ಅಂದೆ, ನೋಡಿ! ಆಮೇಲೆ ವಿಪಶ್ಯನ ಅನ್ನೋ ಬೌದ್ಧ ಧ್ಯಾನ. ಅಲ್ಲಿ ಫೀಸ್ ಇಲ್ಲ, ಮುಗಿದ ಮೇಲೆ ಇಷ್ಟ ಬಂದಷ್ಟು ದಾನ. ಬೆಳಗಿನ ಜಾವ 4ಕ್ಕೆ ಗಂಟೆ, 10 ದಿನದ ಶಿಬಿರ, ಮೌನ. ಶಿಬಿರದಲ್ಲಿ ತಪ್ಪಿರಲಿಲ್ಲ. ಮನೆಗೆ ಬಂದವನು ಮೂರು ತಿಂಗಳು ಸಿಕ್ಕಸಿಕ್ಕವರ ಹತ್ತಿರ ಆ ಮೌನದ ಬಗ್ಗೆಯೇ ಮಾತಾಡಿದೆ.

'ನಾನು ಯಾರು?' ಅನ್ನೋ ಪ್ರಶ್ನೆಗೆ ರಮಣ ಮಹರ್ಷಿಗಳು 1902ರಲ್ಲಿ ತಿರುವಣ್ಣಾಮಲೈನಲ್ಲಿ ಬರೆದು ತೋರಿಸಿದ ಉತ್ತರ ಒಂದಿದೆ. ಯೋಚನೆ ಬಂದರೆ 'ಯಾರಿಗೆ ಬಂತು' ಅಂತ ಕೇಳು, 'ನನಗೆ' ಅಂದರೆ ಆ ನಾನು ಯಾರು ಅಂತ ನೋಡು. ನನಗೆ ಅದು ಮಗ್ಗಿ ಥರ ಬಾಯಿಪಾಠ ಆಗಿಹೋಗಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಿಂದಿನವನು ಹಾರ್ನ್ ಹೊಡೆದರೆ ಬೈಗುಳ ತಕ್ಷಣ ಬರುತ್ತಿತ್ತು, 'ಯಾರಿಗೆ ಕೋಪ?' ಅನ್ನೋದು ಬೊಮ್ಮನಹಳ್ಳಿ ದಾಟಿದ ಮೇಲೆ ನೆನಪಾಗುತ್ತಿತ್ತು.

ಅದಕ್ಕೇ ಕೈಗೆ ಕೆಲಸ ಕೊಟ್ಟೆ. ಎಡ ಜೇಬಿನಲ್ಲಿ ಕಾಳು. 'ನಾನು' ಉಬ್ಬಿದರೂ ಸರಿ, ಮುದುಡಿದರೂ ಸರಿ, ಒಂದು ಬಲ ಜೇಬಿಗೆ. ಹಾಕುವಾಗ 'ಯಾರಿಗೆ?' ಒಂದೇ ಸಲ. ಶುರುವಿಗೆ ಅವರೆಕಾಳು, ಸೀಸನ್ ಇತ್ತಲ್ಲ. ಅದು ಪ್ಯಾಂಟಿನ ಜೊತೆ ವಾಷಿಂಗ್ ಮಷೀನಿಗೆ ಹೋಗಿ ಪೈಪ್ ಕಟ್ಟಿಕೊಂಡು ರಿಪೇರಿಗೆ 850 ರೂಪಾಯಿ. 'ರೀ, ಅಹಂಕಾರ ಇದ್ರೆ ಇರಲಿ, ಮಷೀನ್ ಉಳಿಸಿ' ಅಂದಳು ಹೆಂಡತಿ. ಆಮೇಲೆ ಚೌಕಾಬಾರದ ಡಬ್ಬಿಯಲ್ಲಿದ್ದ ಹುಣಸೆ ಬೀಜ. ಮೊದಲ ದಿನ 40 ಬೀಜ ಮಧ್ಯಾಹ್ನದ ಊಟಕ್ಕೆ ಮುಂಚೆ ಖಾಲಿ! ನಾಲ್ಕನೇ ತಿಂಗಳು ದಿನಕ್ಕೆ ಮೂರೋ ನಾಲ್ಕೋ ಆಯ್ತು, ಬೀಗಿದೆ. ಆಮೇಲೆ ಗೊತ್ತಾಯ್ತು, ಅಹಂಕಾರ ಇಳಿದಿರಲಿಲ್ಲ, ಗಮನ ತಪ್ಪಿತ್ತು ಅಷ್ಟೇ. ಈಗ 10, 12ರಲ್ಲಿ ನಿಂತಿದೆ. ನಮ್ಮ ಗುಂಪಿನಲ್ಲಿ ಇಷ್ಟು ದಿನ ಬಿಡದೆ ಲೆಕ್ಕ ಇಟ್ಟವರು ಬೇರೆ ಯಾರೂ ಇಲ್ಲ, ಹೇಳಿಕೊಳ್ಳುತ್ತೇನೆ, ಏನೀಗ.

ನಡುವೆ ಇನ್ನೊಂದು ಹುಚ್ಚು. ಒಂದು ವಾರ 'ನಾನು' ಅನ್ನೋ ಪದವೇ ಬೇಡ ಅಂದುಕೊಂಡೆ. ಕನ್ನಡದಲ್ಲಿ ಅದು ಸಲೀಸು. 'ಬಂದೆ', 'ಕೊಟ್ಟೆ' ಅಂದರೆ ಸಾಕಲ್ವಾ? ಆದರೆ ಆಸಾಮಿ ಕ್ರಿಯಾಪದದ ಬಾಲದಲ್ಲಿ ಆರಾಮಾಗಿ ಕೂತಿದ್ದ. ಸರಿ, 'ಮಾಡಿದೆ' ಬಿಟ್ಟು 'ಆಯ್ತು' ಹಿಡಿದೆ. ಮೂರನೇ ದಿನ ಕಾಫಿ ಮಾಡೋಕೆ ಹೋಗಿ ಅರ್ಧ ಲೀಟರ್ ಹಾಲು ಉಕ್ಕಿಸಿ 'ಹಾಲು ಚೆಲ್ತು ಕಣೇ' ಅಂದೆ. 'ತಾನಾಗಿ ಚೆಲ್ತಾ?' ಅಂದಳು. ಕಟ್ಟೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು, ನಾನು ಒರೆಸುವ ಬಟ್ಟೆ ಹಿಡಿದು ಸುಮ್ನೆ ನಿಂತಿದ್ದೆ. ಅವತ್ತಿನಿಂದ ಒಳ್ಳೆಯದಾದರೆ 'ಆಯ್ತು', ಕೆಟ್ಟರೆ 'ನಾನು ಕೆಡಿಸಿದೆ'.

ಅಣ್ಣನ ಫೋನ್ ಬಂದಾಗ ಮಾಡುವ ಉಪಾಯ ಒಂದಿದೆ. ಅದನ್ನು ಬರೆಯಲ್ಲ, ಅವನು ಓದ್ತಾನೆ.

ಹೋದ ಗುರುವಾರ ತಕ್ಕಡಿಯ ಹಿರಿಯರು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಾ, 'ಆ ಬೀಜ ಮಿಕ್ಕಿದ್ರೆ ಒಂದು ಹಿಡಿ ಕೊಡಿ' ಅಂದರು. ಕೊಟ್ಟೆ. ಕೊಡುವಾಗ ಒಂದು ಬಲ ಜೇಬಿಗೆ ಹೋಯ್ತು.